ಮುತ್ತಿನ ರಾಶಿ ಬಿಡಿ, ನಿಂಬೆಹಣ್ಣಿನ ಸಂತೆ ತೋರಿಸಿ

ಹಂಪಿಯ ಗೈಡ್ ಬಂಧುಗಳೇ,

ವಿರೂಪಾಕ್ಷ ಬಜಾರಿನಲ್ಲಿ ನಿಂತು ನೀವು ಎಲ್ಲ ಪ್ರವಾಸಿಗರಿಗೂ ಹೇಳುವ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. ಇಲ್ಲಿ ಮುತ್ತು ರತ್ನಗಳನ್ನು ಬೀದಿಯಲ್ಲಿ ರಾಶಿ ಸುರಿದು ಸೇರಿನಲ್ಲಿ ಅಳೆದು ಮಾರುತ್ತಿದ್ದರು, ವಿದೇಶೀಯರೇ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ ಎನ್ನುತ್ತೀರಿ. ನಾವೆಲ್ಲ ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಆದರೆ ಯಾರ ಹೆಸರು ಹಿಡಿದು ಈ ಮಾತು ಹೇಳುತ್ತೇವೋ ಅವರ ಬರಹ ತೆರೆದರೆ ಅಲ್ಲಿ ರಾಶಿಯೂ ಇಲ್ಲ, ಸೇರೂ ಇಲ್ಲ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, ರತ್ನದ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಎಲ್ಲರೆದುರು ಮಾರುತ್ತಾರೆ ಎಂದಷ್ಟೇ ಹೇಳುತ್ತಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನೂ ಬೀದಿಯಲ್ಲಿ ಸಿಗುವ ಸಾಮಾನುಗಳ ಪಟ್ಟಿಯಲ್ಲಿ ವಜ್ರ ಮುತ್ತುಗಳನ್ನು ಬಟ್ಟೆಬರೆಯ ಜೊತೆಗೇ ಸೇರಿಸಿ ಮುಂದೆ ಹೋಗುತ್ತಾನೆ.

ತಪ್ಪು ಹುಡುಕಲೆಂದು ಇದನ್ನು ಬರೆಯುತ್ತಿಲ್ಲ. ಹೊಸಪೇಟೆಯ ಬಿಸಿಲಿನಲ್ಲಿ, ಕಾದ ಬಂಡೆಗಳ ನಡುವೆ, ಹತ್ತು ದೇಶದ ಜನರಿಗೆ ಗಂಟಲು ಒಣಗುವವರೆಗೆ ನಮ್ಮ ಚರಿತ್ರೆ ಹೇಳುವವರು ನೀವು. ಪುಸ್ತಕ ಓದಿ ವಿಜಯನಗರವನ್ನು ತಿಳಿದವರಿಗಿಂತ ನಿಮ್ಮ ಬಾಯಿಂದ ಕೇಳಿ ತಿಳಿದವರ ಸಂಖ್ಯೆ ಎಷ್ಟೋ ದೊಡ್ಡದು. ನೀವು ಹೇಳಿದ್ದೇ ಅವರ ಮನಸ್ಸಿನಲ್ಲಿ ಉಳಿಯುವ ಹಂಪಿ. ಅದಕ್ಕಾಗಿಯೇ ಪ್ರಾಧ್ಯಾಪಕರಿಗಲ್ಲ, ಇಲಾಖೆಗಲ್ಲ, ನಿಮಗೆ ಈ ಪತ್ರ.

ನನ್ನ ಮನಸ್ಸಿನಲ್ಲಿರುವುದು ಇಷ್ಟು. ಹಿಂದೆ ಬಂದ ಪರದೇಶದವರನ್ನು ನಾವು ನಮಗೆ ಸರ್ಟಿಫಿಕೇಟ್ ಬರೆದುಕೊಟ್ಟವರೆಂದು ತಿಳಿದಿದ್ದೇವೆ. ರೋಮ್ ನಗರದಷ್ಟು ದೊಡ್ಡದು ಎಂದ, ಇಂಥ ಸಮೃದ್ಧ ನಗರ ಲೋಕದಲ್ಲಿಲ್ಲ ಎಂದ — ಇಂಥ ನಾಲ್ಕು ಸಾಲು ಹೆಕ್ಕಿಕೊಂಡು ಉಳಿದ ಪುಟಗಳನ್ನು ಮುಚ್ಚಿಟ್ಟಿದ್ದೇವೆ. ಅವರ ನಿಜವಾದ ಬೆಲೆ ಹೊಗಳಿಕೆಯಲ್ಲಿಲ್ಲ. ಊರಿನವರಿಗೆ ದಿನವೂ ಕಂಡು ಸಪ್ಪೆಯಾಗಿದ್ದ, ಬರೆಯಬೇಕೆಂದು ಯಾರಿಗೂ ಹೊಳೆಯದ ಬದುಕನ್ನು ಅವರು ಬರೆದಿಟ್ಟರು. ನಮ್ಮ ಶಾಸನಗಳು ದಾನ ಕೊಟ್ಟವನ ಹೆಸರು, ತಿಥಿ, ವಾರ, ಭೂಮಿಯ ಎಲ್ಲೆ ಹೇಳುತ್ತವೆ. ನಮ್ಮ ಕಾವ್ಯಗಳು ಪುರವರ್ಣನೆ ಮಾಡುತ್ತವೆ. ಸಂಜೆ ಸಂತೆಯಲ್ಲಿ ಏನು ಸಿಗುತ್ತಿತ್ತು ಎಂದು ತಿಳಿಯಲು ಮಾತ್ರ ಪಾಯೆಸನ ಹತ್ತಿರ ಹೋಗಬೇಕು.

ದಿನವೂ ಸಂಜೆ ಸಂತೆ ಕೂಡುತ್ತದೆ ಎನ್ನುತ್ತಾನೆ ಅವನು. ಸಾಧಾರಣ ಕುದುರೆಗಳು, ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ ಎಲ್ಲ ಬರುತ್ತವೆ. ಅಕ್ಕಿ, ಜೋಳ, ಹೆಸರು, ಹುರುಳಿ ಹೇರಳವಾಗಿ ಅಗ್ಗದಲ್ಲಿ ಸಿಗುತ್ತವೆ. ಗೋಧಿ ಅಷ್ಟಾಗಿ ಇಲ್ಲ, ಮುಸಲ್ಮಾನರನ್ನು ಬಿಟ್ಟರೆ ಅದನ್ನು ತಿನ್ನುವವರಿಲ್ಲ ಎಂದೂ ಗಮನಿಸಿದ್ದಾನೆ. ಐನೂರು ವರ್ಷದ ಹಿಂದಿನ ಜನಸಾಮಾನ್ಯರ ತಟ್ಟೆಯಲ್ಲಿ ಏನಿತ್ತು ಎಂಬುದು ಇಷ್ಟರಲ್ಲೇ ತಿಳಿದುಹೋಯಿತು. ಆ ತಟ್ಟೆಯ ಜೋಳ ಕಮಲಾಪುರದ ಮನೆಮನೆಯಲ್ಲಿ ಇವತ್ತಿಗೂ ರೊಟ್ಟಿಯಾಗಿ ಬೇಯುತ್ತಿದೆ. ಪ್ರವಾಸಿಗನಿಗೆ ರೊಟ್ಟಿ, ಪುಂಡಿಪಲ್ಯ ತಿನ್ನಿಸುವಾಗ ಈ ಮಾತನ್ನು ಸೇರಿಸಿ ಹೇಳಿ ನೋಡಿ. ಕಲ್ಲಿನ ರಥದ ಮುಂದೆ ಹೇಳಿದ ಸಾಲಿಗಿಂತ ಅದು ಹೆಚ್ಚು ದಿನ ನೆನಪಿನಲ್ಲಿರುತ್ತದೆ.

ಬೀದಿಗಳಲ್ಲಿ ಹೇರೆತ್ತುಗಳ ಸಾಲು ಎಷ್ಟಿರುತ್ತಿತ್ತೆಂದರೆ ಮುಂದೆ ಹೋಗಲಾಗದೆ, ಅವು ದಾಟುವ ತನಕ ನಿಂತು ಕಾಯಬೇಕಾಗುತ್ತಿತ್ತು ಎಂದೂ ಬರೆದಿದ್ದಾನೆ. ಇವತ್ತು ನಮ್ಮ ರಸ್ತೆಗೆ ಬಂದ ಪರದೇಶದವರು ಮೊದಲು ಹೇಳುವುದೂ ಇದನ್ನೇ ಅಲ್ಲವೇ? ಎಮ್ಮೆ, ಆಟೊ, ಕಬ್ಬಿನ ಲಾರಿ, ಮದುವೆ ದಿಬ್ಬಣ ಎಲ್ಲ ಒಂದೇ ದಾರಿಯಲ್ಲಿ. ನಾವು ಅದನ್ನು ಕೇಳಿ ಮುಜುಗರಪಡುತ್ತೇವೆ, ಬೇಗ ಮಾತು ಬದಲಿಸಿ ಕಮಲ ಮಹಲಿನ ಕಮಾನು ತೋರಿಸುತ್ತೇವೆ. ಮುಜುಗರ ಬೇಡ. ತುಂಬಿದ ಬೀದಿ ಎಂದರೆ ದುಡಿಯುವ ಊರು. ಆ ಹೇರುಗಳಲ್ಲಿ ಧಾನ್ಯ ಬರುತ್ತಿದ್ದುದರಿಂದಲೇ ಈ ಬಂಡೆಗಾಡಿನಲ್ಲಿ ಅಂಥ ನಗರ ಊಟ ಮಾಡಿತು.

ತಳವಾರಘಟ್ಟದಲ್ಲಿ, ಆನೆಗೊಂದಿಯ ದಂಡೆಯಲ್ಲಿ ಹರಿಗೋಲು ಹತ್ತಿಸುವಾಗ ಪಾಯೆಸನನ್ನು ಖಂಡಿತ ನೆನೆಯಬೇಕು. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಎತ್ತು ಕುದುರೆಗಳನ್ನೂ ದಾಟಿಸುತ್ತಾರೆ, ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ಸುತ್ತುತ್ತ ಸುತ್ತುತ್ತ ಸಾಗುತ್ತದೆ ಎಂದು ವಿವರವಾಗಿ ಬರೆದಿದ್ದಾನೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಡಾಂಬರು ಬಂತು. ಬುಟ್ಟಿ ಅದೇ, ಸುತ್ತು ಅದೇ. ವಿಠಲ ದೇವಸ್ಥಾನದ ಟಿಕೆಟಿಗೆ ದುಡ್ಡು ಕೊಟ್ಟು ಬಂದ ಅತಿಥಿಗೆ ಹರಿಗೋಲೂ ಪರಂಪರೆ, ಅದನ್ನು ಹೆಣೆಯುವ ಕೈಯೂ ಪರಂಪರೆ ಎಂದು ಯಾರಾದರೂ ಹೇಳಬೇಕು. ನೀವಲ್ಲದೆ ಹೇಳುವವರು ಯಾರು?

ಅರಸರನ್ನು ಕುರಿತೂ ಇದೇ ಮಾತು. ಕೃಷ್ಣದೇವರಾಯನೆಂದರೆ ನಾವು ಸಿನಿಮಾದ ಕಿರೀಟ ಮೀಸೆಗಳನ್ನು ನೆನೆಯುತ್ತೇವೆ. ಪಾಯೆಸ್ ಕಂಡ ರಾಯ ಮಧ್ಯಮ ಎತ್ತರದ, ತುಸು ದಪ್ಪವೇ ಎನ್ನಬಹುದಾದ, ಮುಖದಲ್ಲಿ ಸಿಡುಬಿನ ಕಲೆಗಳಿದ್ದ ಮನುಷ್ಯ. ಬೆಳಗು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನಲ್ಲಿ ಮಾಡಿದ ಭಾರದ ಗುಂಡು ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡುತ್ತಿದ್ದ. ಆಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ, ಆಮೇಲೆ ಬಯಲಿನಲ್ಲಿ ಕುದುರೆ ಸವಾರಿ. ನಮ್ಮ ಕಡೆಯ ಗರಡಿಮನೆಯ ಹುಡುಗರು ಇವತ್ತಿಗೂ ಮಾಡುವ ಸಾಧನೆಯೇ ಇದು. ಸಿಡುಬಿನ ಕಲೆ ಹೇಳಿದರೆ ರಾಯ ಸಣ್ಣವನಾಗುವುದಿಲ್ಲ. ಕೇಳುವವನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ.

ಅಬ್ದುರ್ ರಜಾಕ್ ಇನ್ನೂ ಸೂಕ್ಷ್ಮ ಕಣ್ಣಿನವನು. ಅವನಿಗೆ ಅರಮನೆಯಿಂದ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಾಹ ಬರುತ್ತಿದ್ದುದನ್ನು ಲೆಕ್ಕವಾಗಿ ಬರೆದಿದ್ದಾನೆ. ಅಡಕೆ ಪುಡಿ ಬಾಯಿಗೆ ಹಾಕಿ, ಎಲೆಗೆ ಸುಣ್ಣ ಹಚ್ಚಿ ಮಡಿಸಿ ಮೆಲ್ಲುವ ಕ್ರಮವನ್ನು, ಜೀವಮಾನದಲ್ಲೇ ಎಲೆಯಡಕೆ ಕಾಣದವರಿಗೆ ತಿಳಿಯುವ ಹಾಗೆ ವಿವರಿಸಿದ್ದಾನೆ. ಗುಲಾಬಿ ಹೂವಿಲ್ಲದೆ ಈ ಜನ ಬದುಕಲಾರರು, ಅನ್ನದಷ್ಟೇ ಅದೂ ಬೇಕು ಇವರಿಗೆ ಎಂದು ಬೆರಗಾಗಿದ್ದಾನೆ. ಕಚೇರಿಯ ಬರವಣಿಗೆಯನ್ನೂ ಬಿಟ್ಟಿಲ್ಲ: ಒಂದು, ಓಲೆಗರಿಯ ಮೇಲೆ ಕಂಟದಿಂದ ಗೀಚುವುದು, ಅದು ಬಹಳ ದಿನ ಬಾಳುವುದಿಲ್ಲ, ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಮೆತ್ತನೆಯ ಬಿಳಿಕಲ್ಲಿನ ಕಡ್ಡಿಯಿಂದ ಬರೆಯುವುದು, ಅದು ಬಹುಕಾಲ ಉಳಿಯುತ್ತದೆ. ಕಡತ, ಬಳಪ ಎಂದರೆ ಕನ್ನಡಿಗರಿಗೆ ಬೇರೆ ವಿವರಣೆ ಬೇಕಿಲ್ಲ. ರಾಣಿವಾಸದ ಕಾವಲು ಗೋಪುರಗಳ ನಡುವೆ ನಿಂತು, ಇಲ್ಲೆಲ್ಲೋ ಕರಣಿಕರು ಕೂತು ಕಡತ ಮಡಿಸುತ್ತಿದ್ದರು ಎಂದರೆ ಆ ಬಯಲಿಗೆ ಜೀವ ಬಂದೀತು.

ಇಲ್ಲೊಂದು ವಿಷಯ ನಿಮ್ಮ ಗಮನಕ್ಕೆ. ಬಂದವರು ನಮ್ಮನ್ನು ನೋಡಿದರು ಎಂಬುದೊಂದೇ ಕತೆಯಲ್ಲ, ನಮ್ಮವರೂ ಅವರನ್ನು ನೋಡಿದರು. ಮಹಾನವಮಿ ದಿಬ್ಬದ ಕಲ್ಲುಪಟ್ಟಿಗಳಲ್ಲಿ ಚೂಪು ಟೊಪ್ಪಿಗೆಯವರು, ಉದ್ದ ನಿಲುವಂಗಿಯವರು ಕುಣಿಯುತ್ತಿದ್ದಾರೆ, ಕುದುರೆ ಹಿಡಿದು ನಡೆಸುತ್ತಿದ್ದಾರೆ. ಅರಬಸ್ತಾನ, ಪರ್ಷಿಯಾಗಳ ಕುದುರೆ ಹಡಗಿನಲ್ಲಿ ಬಂದು, ಗೋವಾ ಭಟ್ಕಳಗಳಿಂದ ಘಟ್ಟ ಹತ್ತಿ ಇಲ್ಲಿಗೆ ಸೇರುತ್ತಿದ್ದ ಕಾಲ. ಅಚ್ಯುತರಾಯನ ಕಾಲದ ಸಂಗತಿ ಬರೆದ ನೂನಿಜ್ ಕೂಡ ಕುದುರೆ ವ್ಯಾಪಾರಿಯೇ. ನಮ್ಮ ಶಿಲ್ಪಿ ಆ ಟೊಪ್ಪಿಗೆಯ ಆಕಾರ, ಗಡ್ಡದ ಕೊಂಕು, ಕಾಲಿನ ಬಿಗಿ ಉಡುಪು ಎಲ್ಲವನ್ನೂ ಅಷ್ಟೇ ಕುತೂಹಲದಿಂದ ಕಡೆದಿದ್ದಾನೆ. ಪ್ರವಾಸಿಗರು ದಿಬ್ಬ ಹತ್ತಿ ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಅವರನ್ನು ಕೆಳಗೇ ನಿಲ್ಲಿಸಿ ಈ ಪಟ್ಟಿಗಳನ್ನು ಒಂದೊಂದಾಗಿ ತೋರಿಸಿ. ದೂರದೇಶದವನಿಗೆ ನಿಮ್ಮಂಥವರು ಇಲ್ಲಿಗೆ ಆಗಲೇ ಬಂದಿದ್ದರು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಹಂಪಿಯಲ್ಲಿಲ್ಲ.

ಇನ್ನು, ಹೇಳಲು ಕಷ್ಟವಾದ ಮಾತು. ರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸದಲ್ಲಿ ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದುದನ್ನು ಪಾಯೆಸ್ ಕಂಡ. ಆ ಕೆರೆಯ ಏರಿ ಮತ್ತೆಮತ್ತೆ ಒಡೆಯಿತೆಂದು, ದೈವಕ್ಕೆ ತೃಪ್ತಿಯಾಗಲೆಂದು ಅರವತ್ತು ಜನರ ತಲೆ ಕಡಿಸಿದರೆಂದು ಅದೇ ಪುಟದಲ್ಲಿ ಬರೆದಿದ್ದಾನೆ. ಮೊದಲ ಸಾಲನ್ನು ನಾವು ಹೇಳುತ್ತೇವೆ, ಎರಡನೆಯದನ್ನು ನುಂಗುತ್ತೇವೆ. ಸಾಕ್ಷಿಯನ್ನು ಹೀಗೆ ಅರ್ಧ ಕೇಳಿ ಕಳಿಸುವುದು ನ್ಯಾಯವಲ್ಲ. ಪರದೇಶದವರು ಬರೆದದ್ದೆಲ್ಲ ನಿಜವೆಂದೂ ನಾನು ಹೇಳುತ್ತಿಲ್ಲ. ಅವರು ಕೇಳಿದ್ದನ್ನು ಕಂಡದ್ದರ ಜೊತೆ ಬೆರೆಸಿದ್ದಾರೆ, ಭಾಷೆ ಬಾರದೆ ತಪ್ಪು ತಿಳಿದದ್ದಿದೆ. ಇಟಲಿಯ ನಿಕೊಲೊ ಕೊಂಟಿ ನಗರದ ಸುತ್ತಳತೆ ಅರವತ್ತು ಮೈಲಿ ಎಂದ. ಅವನು ಊರಿಗೆ ಮರಳಿದ ಮೇಲೆ ಹೇಳಿದ್ದನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲಿನಿ ಬರೆದುಕೊಂಡದ್ದು. ಆದ್ದರಿಂದ ಹೇಳುವಾಗ, ಇದು ಅವನು ಕಂಡದ್ದು, ಇದು ಅವನು ಕೇಳಿದ್ದು, ಇದು ಕಲ್ಲೇ ಹೇಳುವುದು ಎಂದು ಬಿಡಿಸಿ ಹೇಳಿ. ಪ್ರವಾಸಿಗರು ದಡ್ಡರಲ್ಲ, ಬಿಡಿಸಿ ಹೇಳಿದವರನ್ನೇ ಅವರು ನಂಬುತ್ತಾರೆ.

ನಿಮ್ಮಲ್ಲಿ ಕೆಲವರು ಹಂಪಿಯಿಂದ ಮುಂದೆ ಮಲೆನಾಡಿಗೂ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತೀರಿ. ಅವರಿಗಾಗಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆಯ ಮಾತನ್ನೂ ಹೇಳಬೇಕು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದವನು. ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯ ಮಿತ್ರನಿಗೆ ಪತ್ರಗಳಲ್ಲಿ ಬರೆದ. ನನಗೆ ಈ ಎಲ್ಲ ಪ್ರವಾಸಿಗರಲ್ಲಿ ಅವನೇ ಹೆಚ್ಚು ಆಪ್ತ. ಕೆಲಸದ ಮೇಲೆ ಬಂದವನಲ್ಲ, ಮಾರಲು ಕುದುರೆ ತಂದವನೂ ಅಲ್ಲ, ನೋಡಲೆಂದೇ ಬಂದವನು.

ಘಟ್ಟದ ದಾರಿಯ ಒಂದು ಗುಡಿಯ ಮುಂಭಾಗದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತ ಕೂತಿದ್ದರು. ನೆಲಕ್ಕೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ರಾಗವಾಗಿ ಮಗ್ಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ, ಉಳಿದವರು ಅದೇ ರಾಗದಲ್ಲಿ ಹೇಳುತ್ತ ಅದನ್ನೇ ಬರೆಯುತ್ತಿದ್ದರು. ಗುರುಗಳಿಲ್ಲವಲ್ಲ, ತಪ್ಪಿದರೆ ತಿದ್ದುವವರು ಯಾರು ಎಂದು ದೆಲ್ಲಾ ವಾಲೆ ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕೇ ಕೂಡಿ ಕೂತು ಓದುತ್ತೇವೆ ಎಂದು ಹುಡುಗರು ಉತ್ತರಿಸಿದರು. ಅವನಿಗೆ ಆ ಉತ್ತರ ಬಹಳ ಹಿಡಿಸಿತು. ನಾನೂರು ವರ್ಷದ ಹಿಂದೆ ಮಲೆನಾಡಿನ ಹುಡುಗರು ಆಡಿದ ಜಾಣಮಾತು ಒಬ್ಬ ಪರದೇಶದವನ ಪತ್ರದಲ್ಲಿ ಉಳಿದುಬಂದಿದೆ. ನಮ್ಮ ಯಾವ ಶಾಸನದಲ್ಲಿ ಅಂಥ ಹುಡುಗರಿಗೆ ಜಾಗವಿದೆ?

ಇಕ್ಕೇರಿಯ ಬೀದಿಯಲ್ಲಿ ಹೂಮುಡಿದ ಹುಡುಗಿಯರು ಬಣ್ಣದ ಪುಟ್ಟ ಕೋಲು ಹಿಡಿದು ಕೋಲಾಟ ಆಡಿದ್ದನ್ನು ನೋಡಿದ. ಅದೇ ಇಕ್ಕೇರಿಯಲ್ಲಿ, ಗಂಡ ಸತ್ತು ಸಹಗಮನಕ್ಕೆ ಹೊರಟ ಹೆಂಗಸೊಬ್ಬಳು ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಕುದುರೆಯ ಮೇಲೆ ಬೀದಿ ಸುತ್ತಿದ್ದನ್ನೂ ನೋಡಿದ. ಮುಂದೆ ಅವಳ ಮನೆಗೇ ಹೋಗಿ ಮಾತಾಡಿಸಿದ, ಬೇಡವೆಂದು ಹೇಳಿ ನೋಡಿದ, ಆಗಲಿಲ್ಲ. ಅವಳ ಹೆಸರನ್ನು ಬರೆದಿಟ್ಟ. ನಮ್ಮ ಮಾಸ್ತಿಕಲ್ಲುಗಳಲ್ಲಿ ಮೇಲೆತ್ತಿದ ಬಳೆಗೈ, ಆ ಕೈಯಲ್ಲಿ ನಿಂಬೆಹಣ್ಣು ಇರುವುದನ್ನು ನೀವೆಲ್ಲ ಬಲ್ಲಿರಿ. ಕಲ್ಲಿನಲ್ಲಿ ಅದು ಬರೀ ಚಿಹ್ನೆ. ದೆಲ್ಲಾ ವಾಲೆಯ ಪತ್ರ ಓದಿದ ಮೇಲೆ ಅದು ಒಬ್ಬ ಹೆಂಗಸಿನ ಕೈ. ಮಾಸ್ತಿಕಲ್ಲನ್ನು ದಾಟಿ ಹೋಗಬೇಡಿ, ಹಾಗೆಂದು ವೈಭವೀಕರಿಸಲೂ ಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಕರಾವಳಿಯಲ್ಲಿ ಅವನು ಉಳ್ಳಾಲದ ರಾಣಿಯನ್ನು ಭೇಟಿಯಾದದ್ದು ಅರಮನೆಯಲ್ಲಲ್ಲ, ಹೊಲದಲ್ಲಿ. ಬರಿಗಾಲಲ್ಲಿ, ಬಿಸಿಲಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತು ಕಾಲುವೆ ತೋಡಿಸುತ್ತಿದ್ದಳು. ನೋಡಿದರೆ ಅಡುಗೆಯವಳೋ ಅಗಸಗಿತ್ತಿಯೋ ಎನ್ನಬೇಕು, ಮಾತು ಕೇಳಿದರೆ ರಾಣಿಯೇ ಎಂದು ಅವನು ಬರೆದ. ಮೊದಲ ಅರ್ಧ ಅವನ ಕಾಲದ, ಅವನ ವರ್ಗದ ಕಣ್ಣು. ನಮಗೆ ಬೇಕಾದದ್ದು ಕಾಲುವೆಯ ಪಕ್ಕದಲ್ಲಿ ನಿಂತ ರಾಣಿ.

ಕಾಲುವೆ ಎಂದಾಗ ಮತ್ತೆ ಹಂಪಿಗೇ ಬರುತ್ತೇನೆ. ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲಿ ಈಗಲೂ ನೀರು ಹರಿದು ಬಾಳೆ, ಭತ್ತ ಬೆಳೆಯುತ್ತಿವೆ. ಕಮಲಾಪುರದ ಕೆರೆ ಇವತ್ತಿಗೂ ಕೆರೆಯೇ. ಪ್ರವಾಸಿಗರ ನಕ್ಷೆಯಲ್ಲಿ ಇವು ಸ್ಮಾರಕದಿಂದ ಸ್ಮಾರಕಕ್ಕೆ ಹೋಗುವಾಗ ದಾಟುವ ಹಸಿರು ಮಾತ್ರ. ಮುರಿದ ಅರಮನೆಗಿಂತ ಹರಿಯುವ ಕಾಲುವೆ ದೊಡ್ಡ ಸ್ಮಾರಕ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಗದ್ದೆಯ ರೈತ ಆರು ನೂರು ವರ್ಷದ ಕೆಲಸವನ್ನು ನಿಲ್ಲಿಸದೆ ಮುಂದುವರಿಸುತ್ತಿದ್ದಾನೆ.

ಬದುಕನ್ನೂ ಕಲ್ಲನ್ನೂ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ವಿರೂಪಾಕ್ಷನ ಮುಂದಿನ ಆ ಬೀದಿಯಲ್ಲಿ ಚಂದದ ಮನೆಗಳ ಸಾಲು, ಯಾತ್ರಿಕರು ತಂಗುವ ಮೊಗಸಾಲೆಗಳು ಇದ್ದುದನ್ನು ಪಾಯೆಸ್ ಕಂಡಿದ್ದ. ಆ ಮಂಟಪಗಳಲ್ಲಿ ನಮ್ಮ ಕಾಲದಲ್ಲೂ ಜನ ಸಂಸಾರ ಹೂಡಿದ್ದರು, ಚಹಾ, ಇಡ್ಲಿ, ಹೂಹಣ್ಣು ಮಾರುತ್ತಿದ್ದರು. 2011ರಲ್ಲಿ ಅವರನ್ನು ಎಬ್ಬಿಸಲಾಯಿತು. ಕಂಬಕ್ಕೆ ಸಿಮೆಂಟು ಮೆತ್ತಿ ಅಂಗಡಿ ಕಟ್ಟಿದ್ದು ತಪ್ಪು, ಸ್ಮಾರಕ ಉಳಿಯಬೇಕು, ಒಪ್ಪುತ್ತೇನೆ. ಆದರೆ ಬಜಾರೆಂಬ ಹೆಸರಿನ ಬೀದಿಯಲ್ಲಿ ಬಜಾರೇ ಇಲ್ಲವಾದದ್ದು ಸರಿಯಾದ ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ಆನೆಗೊಂದಿ ಸೇತುವೆಯ ವಿವಾದದಲ್ಲಿ ಹಂಪಿ 1999ರಿಂದ 2006ರವರೆಗೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿತ್ತು. ಆಗಲೂ ಪ್ರಶ್ನೆ ಇದೇ ಆಗಿತ್ತು: ನದಿ ದಾಟಬೇಕಾದ ಊರಿನವರ ಅಗತ್ಯ ಒಂದು ಕಡೆ, ಕಲ್ಲಿನ ಚೆಲುವು ಒಂದು ಕಡೆ. ಪ್ರವಾಸಿಗರು ಕೇಳಿದರೆ ಈ ಕತೆಯನ್ನೂ ಹೇಳಿ. ನಿಮ್ಮಲ್ಲೇ ಹಲವರು ಆ ಬೀದಿಯಲ್ಲಿ ಹುಟ್ಟಿ ಬೆಳೆದವರು. ಪಾಯೆಸ್ ಒಬ್ಬ ಸಾಕ್ಷಿಯಾದರೆ ನೀವೂ ಸಾಕ್ಷಿಗಳೇ.

ಈಗ ಬರುವ ಪರದೇಶದ ಪ್ರವಾಸಿಗರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಬಾಗಿಲ ಮುಂದೆ ರಂಗೋಲಿ ಏಕೆ, ದಿನವೂ ಬೇರೆಬೇರೆ ಏಕೆ? ಈ ಅಜ್ಜಿ ನೂಲಿಲ್ಲದೆ ಬಾಳೆನಾರಿನಲ್ಲಿ ಹೂ ಕಟ್ಟುವುದು ಹೇಗೆ? ನದಿಯಲ್ಲಿ ಆನೆ ಮೀಯುವಾಗ ಪಕ್ಕದಲ್ಲೇ ಹೆಂಗಸರು ಬಟ್ಟೆ ಒಗೆಯುತ್ತಾರಲ್ಲ, ಹೆದರಿಕೆಯಿಲ್ಲವೇ? ಅವರು ಇಂಥದ್ದನ್ನು ಕೇಳಿದಾಗ ಹೊತ್ತಾಯಿತೆಂದು ಮುಂದಿನ ಗುಡಿಗೆ ಎಳೆದುಕೊಂಡು ಹೋಗಬೇಡಿ. ನಿಂತು ಉತ್ತರಿಸಿ. ಅಜ್ಜಿಯ ಪಕ್ಕ ಕೂರಿಸಿ ಒಂದು ಮಾರು ಹೂ ಕಟ್ಟಿಸಿ, ಅಜ್ಜಿಗೆ ಅದರ ದುಡ್ಡು ಕೊಡಿಸಿ. ಮಿರ್ಚಿ ಬಜ್ಜಿ ಕರಿಯುವವರ ಹತ್ತಿರ, ಮಂಡಕ್ಕಿ ಒಗ್ಗರಣೆ ಹಾಕುವವರ ಹತ್ತಿರ ಹತ್ತು ನಿಮಿಷ ನಿಲ್ಲಿಸಿ. ಪಾಯೆಸನೂ ರಜಾಕನೂ ದೆಲ್ಲಾ ವಾಲೆಯೂ ಕೇಳಿದ್ದು ಇಂಥ ಪ್ರಶ್ನೆಗಳನ್ನೇ. ಅವರಿಗೆ ನಿಂತು ಉತ್ತರ ಹೇಳಿದ ಯಾರೋ ನಮ್ಮವರು ಇದ್ದುದರಿಂದ ಆ ಪುಸ್ತಕಗಳು ಆದವು. ಹೆಸರಿಲ್ಲದ ಆ ದುಭಾಷಿಗಳು, ದಾರಿ ತೋರಿಸಿದವರು ನಿಮ್ಮ ಹಿರಿಯರು.

ಪಾಯೆಸ್ ಮತ್ತು ನೂನಿಜರ ಬರಹಗಳು ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದ ಕೊನೆಯ ಭಾಗದಲ್ಲಿ ಇಡಿಯಾಗಿವೆ. ಸೀಸನ್ ಶುರುವಾಗುವ ಮುಂಚೆ, ಮಳೆಗಾಲದ ಬಿಡುವಿನಲ್ಲಿ, ನಿಮ್ಮ ಸಂಘದವರು ನಾಲ್ಕಾರು ಸಂಜೆ ಕೂಡಿ ಕೂತು ಅವನ್ನು ಮೊದಲಿಂದ ಕಡೆಯವರೆಗೆ ಓದಿ. ಒಬ್ಬರು ಓದಲಿ, ಉಳಿದವರು ತಮಗೆ ತಿಳಿದ ಜಾಗ, ಬೀದಿ, ಕಾಲುವೆಗಳನ್ನು ಅದಕ್ಕೆ ಹೊಂದಿಸಿ ನೋಡಲಿ. ಯಾವ ಪ್ರಾಧ್ಯಾಪಕರಿಗೂ ಕಾಣದ ಹತ್ತು ಸಂಗತಿ ನಿಮಗೆ ಕಾಣುತ್ತವೆ, ಏಕೆಂದರೆ ಆ ನೆಲದಲ್ಲಿ ದಿನವೂ ನಡೆಯುವವರು ನೀವು. ಕಂಡದ್ದನ್ನು ಬರೆದಿಡಿ, ಕನ್ನಡದಲ್ಲಿ ಬರೆದಿಡಿ. ಹಂಪಿಯ ದಿನನಿತ್ಯದ ಬದುಕನ್ನು ಇನ್ನು ಮುಂದೆ ಪರದೇಶದವರೇ ಬರೆಯಬೇಕೆಂದೇನಿಲ್ಲ.

ಇಂತಿ,
ನಿಮ್ಮ ಹಿತೈಷಿ